ಎಷ್ಟು ಕೊಡುತ್ತೆ, ಎಷ್ಟು ಕುಡಿಯುತ್ತೆ?

ಅಮೆರಿಕದ ಹೆದ್ದಾರಿಯಲ್ಲಿ ಹೋಗುವಾಗ ಎಷ್ಟೋ ಸಲ ಊರಿನ ಹೆಸರಿಗಿಂತ ಮೊದಲು ಕಣ್ಣಿಗೆ ಬೀಳುವುದು ಪೆಟ್ರೋಲಿನ ದರ. ತೆಂಗಿನ ಮರದೆತ್ತರದ ಕಂಬದ ತುದಿಯಲ್ಲಿ, ದೂರದಿಂದಲೇ ಓದಲು ಬರುವಷ್ಟು ದೊಡ್ಡ ಅಂಕಿಗಳು. ಅವುಗಳ ಕೊನೆಗೆ ಪುಟ್ಟದಾಗಿ ಹತ್ತರಲ್ಲಿ ಒಂಬತ್ತು ಎಂಬ ಭಿನ್ನರಾಶಿ. ಫಲಕದಲ್ಲಿ 3.29 ಎಂದಿದ್ದರೆ ನಿಜವಾದ ದರ 3.299 ಡಾಲರ್. ಹಾಲಿನ ದರ, ಮೊಟ್ಟೆಯ ದರ ಅಂಗಡಿಯೊಳಗೆ ಕಾಲಿಟ್ಟ ಮೇಲಷ್ಟೇ ಗೊತ್ತಾಗುತ್ತದೆ. ಇದು ಮಾತ್ರ ಬೀದಿಯಲ್ಲೇ ನಿಂತು ಕೂಗುತ್ತದೆ. ಕೆಲಸಕ್ಕೆ ಹೋಗುವಾಗೊಮ್ಮೆ, ಬರುವಾಗೊಮ್ಮೆ, ಇಡೀ ದೇಶ ಅದನ್ನು ಓದುತ್ತದೆ.

ಅಲ್ಲಿನವರು ಪೆಟ್ರೋಲಿಗೆ ‘ಗ್ಯಾಸ್’ ಎನ್ನುತ್ತಾರೆ. ಅಳತೆ ಲೀಟರ್ ಅಲ್ಲ, ಗ್ಯಾಲನ್. ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ದೂರ ಮೈಲಿಯಲ್ಲಿ. ಅವರ ‘20 ಮೈಲಿ ಕೊಡುತ್ತೆ’ ನಮ್ಮ ಲೆಕ್ಕಕ್ಕೆ ಲೀಟರಿಗೆ ಎಂಟೂವರೆ ಕಿಲೋಮೀಟರ್.

2022ರ ಜೂನ್‌ನಲ್ಲಿ ಅಮೆರಿಕದ ಸರಾಸರಿ ದರ ಗ್ಯಾಲನ್ನಿಗೆ 5.02 ಡಾಲರ್ ಮುಟ್ಟಿತು. ಅದಕ್ಕಿಂತ ಹೆಚ್ಚಿನ ದರವನ್ನು ಆ ದೇಶ ಅಲ್ಲಿಯವರೆಗೆ ಕಂಡಿರಲಿಲ್ಲ. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿ ನಾಲ್ಕು ತಿಂಗಳಾಗಿತ್ತು. ಆಗ ನಾನು ಡಲ್ಲಾಸ್‌ನಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದೆ. ಟೆಕ್ಸಾಸ್ ಎಣ್ಣೆ ಬಾವಿಗಳ ನಾಡು, ದರ ಸ್ವಲ್ಪ ಕಡಿಮೆ. ಆದರೂ ನಾಲ್ಕೂವರೆ ಡಾಲರ್ ದಾಟಿತ್ತು. ಏಳು ಸೀಟಿನ ಎಸ್‌ಯುವಿಗೆ ಪೆಟ್ರೋಲ್ ತುಂಬಿಸುತ್ತ ಅವಳು ಪಂಪಿನ ಅಂಕಿಯನ್ನೇ ನೋಡುತ್ತಿದ್ದಳು. “ಹೋದ ವರ್ಷ ಮೂರು ಡಾಲರೂ ಇರಲಿಲ್ಲ ಚಿಕ್ಕಮ್ಮ. ಇದನ್ನ ಮಾರಿಬಿಟ್ಟು ಹೈಬ್ರಿಡ್ ತಗೊಳ್ಳೋಣ ಅಂತಿದ್ದಾರೆ ಇವರು” ಎಂದಳು.

ಅದೇ ಮಾತು ಆ ವಾರ ಆ ದೇಶದ ಲಕ್ಷಾಂತರ ಮನೆಗಳಲ್ಲಿ ನಡೆದಿರಬೇಕು. ಅಲ್ಲಿ ಇದು ಐವತ್ತು ವರ್ಷಗಳಿಂದ ಮತ್ತೆ ಮತ್ತೆ ನಡೆಯುತ್ತ ಬಂದ ಮಾತು. ದರ ಏರಿದರೆ ಚಿಕ್ಕ ಕಾರು, ಇಳಿದರೆ ದೊಡ್ಡ ಗಾಡಿ. ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಅದನ್ನು ನೋಡಿ ಕೊಂಡ ಗಾಡಿ ಮಾತ್ರ ಹದಿನೈದು ವರ್ಷ ರಸ್ತೆಯಲ್ಲಿ ಉಳಿಯುತ್ತದೆ.

ಕೆಂಪು ಬಾವುಟದ ಬಂಕ್‌ಗಳು

ಮೊದಲ ಹೊಡೆತ ಬಿದ್ದದ್ದು 1973ರ ಅಕ್ಟೋಬರ್‌ನಲ್ಲಿ. ನೆರೆಯ ಅರಬ್ ದೇಶಗಳೊಡನೆ ನಡೆದ ಯುದ್ಧದಲ್ಲಿ ಇಸ್ರೇಲಿಗೆ ನೆರವು ನೀಡಿದ ಅಮೆರಿಕಕ್ಕೆ ಅರಬ್ ದೇಶಗಳು ತೈಲ ನಿಲ್ಲಿಸಿದವು. ಬ್ಯಾರೆಲ್‌ಗೆ ಮೂರು ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರಕ್ಕೆ ಹೋಯಿತು. ಬಂಕ್‌ಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಒರೆಗಾನ್ ರಾಜ್ಯ ಸಮ–ಬೆಸ ಪದ್ಧತಿ ತಂದಿತು: ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್. ಹಸಿರು ಬಾವುಟ ಹಾರುತ್ತಿದ್ದರೆ ಎಲ್ಲರಿಗೂ ಉಂಟು, ಕೆಂಪು ಬಾವುಟವಿದ್ದರೆ ದಾಸ್ತಾನು ಮುಗಿದಿದೆ ಎಂದರ್ಥ. ಹೆದ್ದಾರಿಗಳಲ್ಲಿ ದೇಶದುದ್ದಕ್ಕೂ ಗಂಟೆಗೆ 55 ಮೈಲಿಯ ಮಿತಿ ಬಂತು.

ಆಗಿನ ಅಮೆರಿಕನ್ ಕಾರುಗಳು ಉದ್ದನೆಯ ದೋಣಿಗಳಂತಿದ್ದವು. 1975ರಲ್ಲಿ ಹೊಸ ವಾಹನಗಳ ಸರಾಸರಿ ಮೈಲೇಜ್ ಗ್ಯಾಲನ್ನಿಗೆ ಸುಮಾರು 13 ಮೈಲಿ, ಅಂದರೆ ಲೀಟರಿಗೆ ಐದೂವರೆ ಕಿಲೋಮೀಟರ್. ನಮ್ಮ ಅಂಬಾಸಿಡರ್ ಇದಕ್ಕಿಂತ ಹೆಚ್ಚು ಕೊಡುತ್ತಿತ್ತು. ಆ ಸಾಲುಗಳಲ್ಲಿ ನಿಂತು ಸೋತ ಜನ ಹೋಂಡಾ ಸಿವಿಕ್, ಟೊಯೊಟಾ ಕೊರೊಲ್ಲಾ ಕಡೆಗೆ ನೋಡಿದರು. 1979ರ ಇರಾನ್ ಕ್ರಾಂತಿ ಎರಡನೆಯ ಹೊಡೆತ ಕೊಟ್ಟಾಗ ಜಪಾನಿ ಕಾರುಗಳು ಆ ದೇಶದಲ್ಲಿ ಬೇರುಬಿಟ್ಟವು.

ಸರ್ಕಾರವೂ ಕಾಯ್ದೆ ಮಾಡಿತು. 1975ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಆ ಕಾಯ್ದೆ, ಪ್ರತಿ ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ 1985ರ ಹೊತ್ತಿಗೆ 27.5 ಮೈಲಿಗೆ ಏರಬೇಕು ಎಂದಿತು. ಹತ್ತು ವರ್ಷದಲ್ಲಿ ದುಪ್ಪಟ್ಟು. ಒಂದು ದೇಶ ತನ್ನ ಅಭ್ಯಾಸವನ್ನು ಇಷ್ಟು ನೇರವಾಗಿ ತಿದ್ದಿಕೊಳ್ಳಲು ಹೊರಟದ್ದು ದೊಡ್ಡ ಮಾತು. ಆದರೆ ಅದೇ ಕಾಯ್ದೆಯಲ್ಲಿ ಒಂದು ಬಾಗಿಲು ತೆರೆದೇ ಇತ್ತು.

ಕೋಳಿ ತೆರಿಗೆ ಕಾಯ್ದ ಟ್ರಕ್ಕು

ಆ ಬಾಗಿಲಿನ ಹೆಸರು ಟ್ರಕ್. ರೈತರು, ಮರಗೆಲಸದವರು, ಕಟ್ಟಡ ಕಟ್ಟುವವರು ಬಳಸುವ ಸಣ್ಣ ಟ್ರಕ್‌ಗಳಿಗೆ ಕಾರಿನಷ್ಟೇ ಬಿಗಿಯಾದ ನಿಯಮ ಹಾಕಿದರೆ ಅವರ ಹೊಟ್ಟೆಪಾಡಿಗೆ ತೊಂದರೆ ಎಂದು, ಅವುಗಳಿಗೆ ಬೇರೆಯದೇ ಸಡಿಲ ಮಿತಿ ಇಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಟ್ರಕ್ಕಿನ ಅಡಿಗಟ್ಟಿನ ಮೇಲೆ ಮೆತ್ತನೆ ಸೀಟು, ಎಸಿ, ನಾಲ್ಕು ಬಾಗಿಲು ಕೂರಿಸಿ ಸಂಸಾರದ ಗಾಡಿ ಮಾಡಿದರೂ ಅದು ಕಾಯ್ದೆಯ ಲೆಕ್ಕದಲ್ಲಿ ಟ್ರಕ್ಕೇ ಆಗಿ ಉಳಿಯುತ್ತಿತ್ತು. 1990ರಲ್ಲಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ನಿಂತದ್ದು ರೇಂಜರ್ ಎಂಬ ಪಿಕಪ್ಪಿನ ಅಡಿಗಟ್ಟಿನ ಮೇಲೆಯೇ. 1990ರ ದಶಕದ ಕೊನೆಯಲ್ಲಿ ಕಾರಿಗೆ 27.5 ಮೈಲಿ ಮಿತಿಯಿದ್ದರೆ ಟ್ರಕ್ಕಿಗೆ 20.7 ಮಾತ್ರ. ತೀರಾ ಭಾರದ ಗಾಡಿಗಳಿಗೆ ಆ ಲೆಕ್ಕವೂ ಇರಲಿಲ್ಲ. 2002ರಲ್ಲಿ ಮಾರುಕಟ್ಟೆಗೆ ಬಂದ ಹಮ್ಮರ್ ಎಚ್2ರ ಗಾಜಿನ ಮೇಲೆ, ಬೇರೆಲ್ಲ ಕಾರಿಗೂ ಕಡ್ಡಾಯವಾಗಿದ್ದ ಮೈಲೇಜ್ ಚೀಟಿ ಅಂಟಿಸುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಕಾವಲೂ ಇತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದಿಂದ ಬರುವ ಅಗ್ಗದ ಕೋಳಿಮಾಂಸದ ಮೇಲೆ ಯುರೋಪಿನ ದೇಶಗಳು ಸುಂಕ ಹೇರಿದವು. ಅದಕ್ಕೆ ಉತ್ತರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಬ್ರಾಂದಿ, ಆಲೂಗಡ್ಡೆ ಪಿಷ್ಟ ಮುಂತಾದವುಗಳ ಜೊತೆಗೆ ಹೊರದೇಶದ ಸಣ್ಣ ಟ್ರಕ್‌ಗಳ ಮೇಲೂ ಶೇ 25ರಷ್ಟು ಸುಂಕ ಹಾಕಿದರು. ಕೋಳಿ ಜಗಳ ಮುಗಿಯಿತು, ಉಳಿದ ಸುಂಕಗಳು ಹೋದವು, ಟ್ರಕ್ಕಿನದು ಮಾತ್ರ ಉಳಿಯಿತು. ಈಗಲೂ ಅದಕ್ಕೆ ‘ಕೋಳಿ ತೆರಿಗೆ’ ಎಂದೇ ಹೆಸರು. ಚಿಕ್ಕ ಕಾರಿನಲ್ಲಿ ಜಪಾನಿನವರ ಜೊತೆ ಗುದ್ದಾಡಬೇಕಿದ್ದ ಡೆಟ್ರಾಯಿಟ್‌ನ ಕಾರು ಕಂಪನಿಗಳಿಗೆ ಪಿಕಪ್ಪಿನಲ್ಲಿ ಪೈಪೋಟಿ ಕಡಿಮೆ, ಲಾಭ ಹೆಚ್ಚು. ಲಾಭವಿದ್ದ ಕಡೆಗೆ ಜಾಹೀರಾತೂ ಹರಿಯಿತು.

ಅಮೆರಿಕನ್ನರಿಗೆ ದೊಡ್ಡದು ಎಂದರೆ ಹುಟ್ಟಿನಿಂದಲೇ ಇಷ್ಟ ಎಂದು ನಮ್ಮಲ್ಲಿ ಹೇಳುವುದುಂಟು. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಕಾಯ್ದೆಯ ಒಂದು ಪದ, ಕೋಳಿಯ ಹೆಸರಿನ ಒಂದು ಸುಂಕ, ಅಗ್ಗದ ಪೆಟ್ರೋಲ್, ಈ ಮೂರೂ ಸೇರಿ ಆ ಇಷ್ಟವನ್ನು ಬೆಳೆಸಿದವು. 1990ರ ದಶಕದ ಕೊನೆಯಲ್ಲಿ ಗ್ಯಾಲನ್ ಪೆಟ್ರೋಲಿಗೆ ಸುಮಾರು ಒಂದು ಡಾಲರ್ ಇತ್ತು. ಪೆಟ್ರೋಲಿನ ಮೇಲಿನ ಕೇಂದ್ರ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್, 1993ರಿಂದ ಏರಿಲ್ಲ. ತೆರಿಗೆ ಕಡಿಮೆಯಾದ್ದರಿಂದ ಕಚ್ಚಾ ತೈಲ ಏರಿದರೂ ಇಳಿದರೂ ಬಂಕ್‌ನ ಫಲಕ ಕೂಡಲೇ ಕುಣಿಯುತ್ತದೆ.

ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ

2008ರ ಜುಲೈಯಲ್ಲಿ ಫಲಕ 4.11 ಡಾಲರ್ ತೋರಿಸಿತು. ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ, ವರ್ಷಗಟ್ಟಲೆ ಮಾರಾಟದಲ್ಲಿ ಮೊದಲ ಸ್ಥಾನ ಬಿಟ್ಟುಕೊಡದಿದ್ದ ಫೋರ್ಡ್‌ನ ಎಫ್–ಸೀರೀಸ್ ಪಿಕಪ್ಪನ್ನು ಹೋಂಡಾ ಸಿವಿಕ್ ಹಿಂದಿಕ್ಕಿತ್ತು. ಹಳೆಯ ಎಸ್‌ಯುವಿಗಳನ್ನು ಕೇಳುವವರಿಲ್ಲದಂತಾಯಿತು. ಜನ ಸಿಕ್ಕಿದ ಬೆಲೆಗೆ ಮಾರಿದರು.

ಆ ಜೂನ್‌ನಲ್ಲಿ ಜನರಲ್ ಮೋಟರ್ಸ್ ಟ್ರಕ್ ಮತ್ತು ಎಸ್‌ಯುವಿ ತಯಾರಿಸುವ ನಾಲ್ಕು ಕಾರ್ಖಾನೆಗಳನ್ನು ಮುಚ್ಚುವುದಾಗಿ ಹೇಳಿತು. ಅದರಲ್ಲೊಂದು ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್‌ನದು. 1919ರಲ್ಲಿ ಟ್ರ್ಯಾಕ್ಟರ್ ತಯಾರಿಸಲು ಶುರುವಾದ ಕಾರ್ಖಾನೆ. ಅಪ್ಪ, ಅಜ್ಜ ಎಲ್ಲರೂ ಅಲ್ಲೇ ದುಡಿದ ಮನೆಗಳು ಆ ಊರಿನಲ್ಲಿದ್ದವು. ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡೇ ದಿನವಿದ್ದಾಗ, ಕೊನೆಯ ಷೆವ್ರೊಲೆ ಟಾಹೋ ಹೊರಬಂತು. ಅದೇ ದಿನ ಒಹಾಯೊದ ಮೊರೇನ್ ಕಾರ್ಖಾನೆಯೂ ನಿಂತಿತು. ಮೊರೇನ್‌ನ ಕಟ್ಟಡದಲ್ಲಿ ಮುಂದೆ ಚೀನಾದ ಗಾಜಿನ ಕಂಪನಿಯೊಂದು ಬಂದು ಕೂತ ಕಥೆಯೇ ‘ಅಮೆರಿಕನ್ ಫ್ಯಾಕ್ಟರಿ’ ಎಂಬ ಸಾಕ್ಷ್ಯಚಿತ್ರ. ಅದಕ್ಕೆ 2020ರಲ್ಲಿ ಆಸ್ಕರ್ ಬಂತು.

ಆ ಡಿಸೆಂಬರ್ 23ರಂದು ಪೆಟ್ರೋಲ್ ದರ ಎಷ್ಟಿತ್ತು ಗೊತ್ತೇ? 1.70 ಡಾಲರಿಗಿಂತ ಕಡಿಮೆ. ಹಣಕಾಸು ಕುಸಿತದಲ್ಲಿ ತೈಲದ ಬೆಲೆಯೂ ಕುಸಿದಿತ್ತು. ಯಾವ ದರಕ್ಕೆ ಹೆದರಿ ಕಾರ್ಖಾನೆ ಮುಚ್ಚಿದರೋ ಆ ದರ ಐದೇ ತಿಂಗಳಲ್ಲಿ ಅರ್ಧಕ್ಕೂ ಕೆಳಗೆ ಬಿದ್ದಿತ್ತು. ಮುಚ್ಚಿದ ಆ ಕಾರ್ಖಾನೆಗಳಲ್ಲಿ ಎಸ್‌ಯುವಿ ತಯಾರಿಕೆ ಮಾತ್ರ ಮತ್ತೆ ಶುರುವಾಗಲಿಲ್ಲ. ಈ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಈ ಒಂದು ದಿನ.

ಮರುವರ್ಷ ಬೇಸಿಗೆಯಲ್ಲಿ ಸರ್ಕಾರ ಹಳೆಯ ಗಾಡಿ ತಂದುಕೊಟ್ಟು ಹೆಚ್ಚು ಮೈಲೇಜಿನ ಹೊಸದನ್ನು ಕೊಳ್ಳುವವರಿಗೆ 3,500 ಅಥವಾ 4,500 ಡಾಲರ್ ಕೊಟ್ಟಿತು. ಸುಮಾರು 6.8 ಲಕ್ಷ ಗಾಡಿಗಳು ಹೀಗೆ ಬಂದವು. ಅವು ಮತ್ತೆ ರಸ್ತೆಗೆ ಇಳಿಯಬಾರದು ಎಂಬುದು ಷರತ್ತು. ಹಾಗಾಗಿ ಮೆಕ್ಯಾನಿಕ್‌ಗಳು ಎಂಜಿನ್ ಆಯಿಲ್ ಬಸಿದು, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಎಂಜಿನ್ ಓಡಿಸುತ್ತಿದ್ದರು. ಕಾವೇರಿದಂತೆ ದ್ರಾವಣ ಗಾಜಿನಂತೆ ಗಟ್ಟಿಯಾಗಿ, ಕೆಲವೇ ನಿಮಿಷದಲ್ಲಿ ಎಂಜಿನ್ ಕಿರುಗುಟ್ಟಿ ಜಾಮ್ ಆಗುತ್ತಿತ್ತು. ಹೀಗೆ ಸತ್ತವುಗಳಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್‌ಗಳೇ ಹೆಚ್ಚು. ಬದಲಿಗೆ ಜನ ಹೆಚ್ಚಾಗಿ ಕೊಂಡದ್ದು ಕೊರೊಲ್ಲಾ.

ನಾಳೆಯೂ ಇವತ್ತಿನ ಹಾಗೇ

ಇಷ್ಟು ಅನುಭವಿಸಿದವರು ಪಾಠ ಕಲಿತಿರಬೇಕಲ್ಲವೇ? 2014ರ ಮಧ್ಯದಲ್ಲಿ ನೂರು ಡಾಲರ್ ಮೀರಿದ್ದ ಕಚ್ಚಾ ತೈಲ 2016ರ ಆರಂಭಕ್ಕೆ ಮೂವತ್ತಕ್ಕಿಂತ ಕೆಳಗಿಳಿಯಿತು. ಜನ ಮತ್ತೆ ಎಸ್‌ಯುವಿಗಳತ್ತ ಹೊರಳಿದರು. 2018ರ ಏಪ್ರಿಲ್‌ನಲ್ಲಿ ಫೋರ್ಡ್, ಉತ್ತರ ಅಮೆರಿಕದಲ್ಲಿ ಸೆಡಾನ್‌ಗಳ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತು. ನಾಲ್ಕು ವರ್ಷ ಕಳೆದು 5.02 ಡಾಲರ್ ಬಂದಾಗ, ಫೋರ್ಡ್ ಶೋರೂಮಿನಲ್ಲಿ ಚಿಕ್ಕ ಕಾರು ಕೇಳಿದರೆ ತೋರಿಸಲು ಹೊಸದೊಂದೂ ಇರಲಿಲ್ಲ.

ಮಿಷಿಗನ್ ವಿಶ್ವವಿದ್ಯಾಲಯ ಪ್ರತಿ ತಿಂಗಳು ನಡೆಸುವ ಗ್ರಾಹಕ ಸಮೀಕ್ಷೆಯಲ್ಲಿ ಪೆಟ್ರೋಲ್ ದರ ಮುಂದೆ ಹೇಗಿರುತ್ತದೆ ಎಂದೂ ಕೇಳುತ್ತಾರೆ. ಅದರ ಉತ್ತರಗಳನ್ನು ಅರ್ಥಶಾಸ್ತ್ರಜ್ಞರು ಜೋಡಿಸಿ ನೋಡಿ 2013ರಲ್ಲಿ ಪ್ರಕಟಿಸಿದರು. ಹಣದುಬ್ಬರ ಕಳೆದರೆ, ಜನರ ಸರಾಸರಿ ಉತ್ತರ ಒಂದೇ: ಇವತ್ತು ಎಷ್ಟಿದೆಯೋ ನಾಳೆಯೂ ಅಷ್ಟೇ. 2008ರ ಕುಸಿತದ ಸಮಯ ಮಾತ್ರ ಇದಕ್ಕೆ ಹೊರತು.

ಇದನ್ನು ದಡ್ಡತನ ಎನ್ನಲಾಗದು. ತೈಲದ ಬೆಲೆಯನ್ನು ಪರಿಣತರೂ ಅದಕ್ಕಿಂತ ಚೆನ್ನಾಗಿ ಹೇಳಿದ ಉದಾಹರಣೆ ಕಡಿಮೆ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ದರ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೂ ಕೆಳಗೆ ಹೋಗುತ್ತದೆಂದು ಯಾರು ಎಣಿಸಿದ್ದರು? ಮುಂದಿನದು ಯಾರಿಗೂ ಗೊತ್ತಿಲ್ಲವೆಂದ ಮೇಲೆ, ದರ ಏರಿದರೂ ಇಳಿದರೂ ನಮ್ಮನ್ನು ತೀರಾ ನೋಯಿಸದ ಗಾಡಿ ಯಾವುದು ಎಂದು ಕೇಳಿಕೊಳ್ಳಬೇಕು. ಅದಕ್ಕೆ ಲೆಕ್ಕ ಸರಿಯಾಗಿ ಬರಬೇಕು.

ಪ್ರಶ್ನೆ ತಿರುಗಿಸಿ ಕೇಳಿದರೆ

ನಮ್ಮಲ್ಲಿ ಯಾರಾದರೂ ಹೊಸ ಗಾಡಿ ತಂದರೆ ಮೊದಲ ಪ್ರಶ್ನೆ, “ಎಷ್ಟು ಕೊಡುತ್ತೆ?” ಅಮೆರಿಕನ್ನರದೂ ಇದೇ ಪ್ರಶ್ನೆ. ಲೀಟರಿಗೆ ಎಷ್ಟು ಕಿಲೋಮೀಟರ್, ಗ್ಯಾಲನ್ನಿಗೆ ಎಷ್ಟು ಮೈಲಿ. ಈ ಪ್ರಶ್ನೆಯೇ ಮೋಸ ಮಾಡುತ್ತದೆ ಎಂದು ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು.

ಮನೆಯಲ್ಲಿ ಎರಡು ಗಾಡಿ ಇವೆ ಎಂದುಕೊಳ್ಳಿ. ಎರಡೂ ವರ್ಷಕ್ಕೆ 12,000 ಕಿಲೋಮೀಟರ್ ಓಡುತ್ತವೆ. ದೊಡ್ಡದು ಲೀಟರಿಗೆ 6 ಕೊಡುತ್ತದೆ, ಅದನ್ನು ಮಾರಿ 8 ಕೊಡುವುದನ್ನು ತರಬಹುದು. ಚಿಕ್ಕದು 15 ಕೊಡುತ್ತದೆ, ಅದರ ಬದಲು 20 ಕೊಡುವುದು ಸಿಗುತ್ತದೆ. ಒಂದನ್ನು ಮಾತ್ರ ಬದಲಾಯಿಸಲು ಹಣವಿದೆ. ಯಾವುದು ಲಾಭ?

ಐದು ಕಿಲೋಮೀಟರ್ ಹೆಚ್ಚು ಸಿಗುವ ಚಿಕ್ಕ ಕಾರು ಎಂದು ನಾನೂ ಮೊದಲು ಹೇಳಿದ್ದೆ. ಕಾಗದದ ಮೇಲೆ ಮಾಡಿ ನೋಡಿ. ಚಿಕ್ಕ ಕಾರು 800 ಲೀಟರ್ ಕುಡಿಯುತ್ತಿದ್ದದ್ದು 600ಕ್ಕೆ ಇಳಿಯುತ್ತದೆ. ಉಳಿತಾಯ 200 ಲೀಟರ್. ದೊಡ್ಡದು 2,000 ಲೀಟರಿನಿಂದ 1,500ಕ್ಕೆ. ಉಳಿತಾಯ 500 ಲೀಟರ್. ಬರೀ ಎರಡು ಕಿಲೋಮೀಟರಿನ ಬದಲಾವಣೆ ಐದು ಕಿಲೋಮೀಟರಿನ ಬದಲಾವಣೆಗಿಂತ ಎರಡೂವರೆ ಪಟ್ಟು ಹೆಚ್ಚು ಉಳಿಸಿತು. ‘ಎಷ್ಟು ಕೊಡುತ್ತೆ’ ಎನ್ನುವ ಬದಲು ‘ನೂರು ಕಿಲೋಮೀಟರಿಗೆ ಎಷ್ಟು ಕುಡಿಯುತ್ತೆ’ ಎಂದು ಕೇಳಿದ್ದರೆ ಇದು ಮೊದಲೇ ಕಾಣುತ್ತಿತ್ತು. ಯುರೋಪಿನಲ್ಲಿ ಹಾಗೆಯೇ ಕೇಳುತ್ತಾರೆ. ಅಮೆರಿಕದಲ್ಲೂ 2013ರ ಮಾದರಿಗಳಿಂದ ಹೊಸ ಕಾರಿನ ಚೀಟಿಯ ಮೇಲೆ ನೂರು ಮೈಲಿಗೆ ಎಷ್ಟು ಗ್ಯಾಲನ್ ಎಂಬುದನ್ನೂ ಮುದ್ರಿಸುತ್ತಾರೆ, ಸಣ್ಣ ಅಕ್ಷರದಲ್ಲಿ.

ಕೀ ಬದಲಾಯಿತು

ಡಲ್ಲಾಸ್‌ನ ಆ ಸಂಜೆಗೆ ಬರುತ್ತೇನೆ. ಊಟದ ಮೇಜಿನ ಮೇಲೆ ದಿನಸಿ ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಶುರುವಾಯಿತು. ಎಸ್‌ಯುವಿ 20 ಮೈಲಿ ಕೊಡುತ್ತದೆ. ಬದಲಿಗೆ ಅವರು ನೋಡಿದ್ದು ಟೊಯೊಟಾ ಸಿಯೆನಾ ವ್ಯಾನ್. 2021ರ ಮಾದರಿಯಿಂದ ಅದು ಹೈಬ್ರಿಡ್‌ನಲ್ಲಿ ಮಾತ್ರ ಬರುತ್ತದೆ, ಏಳು ಸೀಟು ಇದ್ದೂ 36 ಮೈಲಿ. ಊರಿನಿಂದ ಅಪ್ಪ–ಅಮ್ಮ ಆರು ತಿಂಗಳಿಗೆಂದು ಬಂದಾಗ ಏಳು ಸೀಟು ಬೇಕೇ ಬೇಕು, ಅದು ಆಸೆಯಲ್ಲ, ಅಗತ್ಯ. ಕಡಿಮೆಯೆಂದರೂ ವರ್ಷಕ್ಕೆ 12,000 ಮೈಲಿ ಓಡಿದರೆ ಎಸ್‌ಯುವಿಗೆ 600 ಗ್ಯಾಲನ್, ವ್ಯಾನಿಗೆ 333. ಗ್ಯಾಲನ್ನಿಗೆ 4.60 ಡಾಲರಿನಂತೆ ವರ್ಷಕ್ಕೆ ಸುಮಾರು 1,230 ಡಾಲರ್ ಉಳಿತಾಯ. ದರ ಮೂರಕ್ಕೆ ಇಳಿದರೆ 800. ಆದರೆ ಆ ಬೇಸಿಗೆಯಲ್ಲಿ ಹೈಬ್ರಿಡ್ ಗಾಡಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು, ಮುದ್ರಿತ ಬೆಲೆಯ ಮೇಲೆ ಡೀಲರ್‌ಗಳು ಸಾವಿರಾರು ಡಾಲರ್ ಹೆಚ್ಚು ಕೇಳುತ್ತಿದ್ದರು. ಹೊಸ ಸಾಲ, ಹೊಸ ಕಂತು, ಹೆಚ್ಚಿನ ವಿಮೆ. ಹಲವು ವರ್ಷಗಳ ಪೆಟ್ರೋಲ್ ಉಳಿತಾಯ ಅಲ್ಲೇ ಮುಗಿಯುತ್ತಿತ್ತು.

ಆಗ ಅವಳಿಗೆ ಹೊಳೆದದ್ದು ಬೇರೆ. ಮನೆಯಲ್ಲಿ 30 ಮೈಲಿ ಕೊಡುವ ಹಳೆಯ ಸೆಡಾನ್ ಒಂದಿತ್ತು. ಅದನ್ನು ಅವಳು ಆರು ಮೈಲಿ ದೂರದ ಕಚೇರಿಗೆ ಓಡಿಸುತ್ತಿದ್ದಳು. ಗಂಡನ ಕಚೇರಿ ಮೂವತ್ತು ಮೈಲಿ ದೂರ, ಅವರು ಒಬ್ಬರೇ ಏಳು ಸೀಟಿನ ಗಾಡಿಯಲ್ಲಿ ಹೋಗುತ್ತಿದ್ದರು. “ಕೀ ಬದಲಾಯಿಸಿಕೊಳ್ಳೋಣ” ಎಂದಳು. ತಿಂಗಳಿಗೆ ಇಪ್ಪತ್ತು ದಿನದ ಓಡಾಟಕ್ಕೆ ಎರಡೂ ಗಾಡಿ ಸೇರಿ 68 ಗ್ಯಾಲನ್ ಕುಡಿಯುತ್ತಿದ್ದವು. ಕೀ ಬದಲಾದ ಮೇಲೆ 52. ತಿಂಗಳಿಗೆ ಅರವತ್ತು ಲೀಟರ್ ಪೆಟ್ರೋಲ್ ಉಳಿಯಿತು, ಒಂದು ಡಾಲರ್ ಖರ್ಚಿಲ್ಲದೆ.

ಎಲ್ಲ ಮನೆಗೂ ಇಂಥ ಸುಲಭದ ದಾರಿ ಇರುವುದಿಲ್ಲ. ಆದರೆ ಗಾಡಿ ಬದಲಾಯಿಸುವ ಮೊದಲು ಯಾರು, ಎಷ್ಟು ದೂರ, ಯಾವುದರಲ್ಲಿ, ಎಷ್ಟು ಜನ ಎಂದು ಬರೆದುಕೊಂಡು ಕೂತರೆ ದರದ ಫಲಕದ ಕೂಗು ಸ್ವಲ್ಪ ತಗ್ಗುತ್ತದೆ. ಭಾರವಾದ ಗಾಡಿಯ ಖರ್ಚು ಬಂಕ್‌ನಲ್ಲಷ್ಟೇ ಇಲ್ಲ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಬೇಕು. ಅಮೆರಿಕದಲ್ಲಿ 2009ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ ಪಾದಚಾರಿಗಳು 4,100ರಷ್ಟು. 2022ರಲ್ಲಿ 7,500 ಮೀರಿತು. ಕಾರಣ ಹಲವು ಇವೆ. ಆದರೆ ಬಾನೆಟ್ ನೆಲದಿಂದ ಒಂದು ಮೀಟರಿಗೂ ಎತ್ತರವಿರುವ ಗಾಡಿ ಗುದ್ದಿದಾಗ ಸಾಯುವ ಸಾಧ್ಯತೆ, ತಗ್ಗಾಗಿ ಇಳಿಜಾರಿರುವ ಕಾರಿಗಿಂತ ಶೇ 45ರಷ್ಟು ಹೆಚ್ಚು ಎಂದು ಅಲ್ಲಿನ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷಾ ಸಂಸ್ಥೆ 2023ರಲ್ಲಿ ಹೇಳಿದೆ. ಒಂದು ಮೀಟರ್ ಎಂದರೆ ಒಂದನೇ ತರಗತಿಯ ಮಗುವಿನ ಎದೆಗಿಂತ ಎತ್ತರ.

2025ರ ಜುಲೈಯಲ್ಲಿ ಬಂದ ಹೊಸ ಕಾಯ್ದೆ, ಮೈಲೇಜ್ ಗುರಿ ತಪ್ಪಿದ ಕಂಪನಿಗಳಿಗಿದ್ದ ದಂಡವನ್ನು ಸೊನ್ನೆಗೆ ಇಳಿಸಿದೆ. 1975ರಲ್ಲಿ ಕಟ್ಟಿದ ಗೋಡೆ ಈಗ ಕಾಗದದ ಮೇಲಷ್ಟೇ ಇದೆ.

ಐದು ಮಿಲಿಮೀಟರ್

ನಮ್ಮಲ್ಲಿ ಫಲಕ ಅಷ್ಟು ಕುಣಿಯುವುದಿಲ್ಲ. ತೆರಿಗೆಯ ಪಾಲು ದೊಡ್ಡದು, ಕಚ್ಚಾ ತೈಲ ಇಳಿದರೂ ಬಂಕ್‌ನ ದರ ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಕಾಲ ನೋಡಿದ್ದೇವೆ. ಬೆಂಗಳೂರಿನಲ್ಲಿ 2024ರ ಜೂನ್‌ನಲ್ಲಿ ಪೆಟ್ರೋಲ್ ಲೀಟರಿಗೆ ಮೂರು ರೂಪಾಯಿ ಏರಿದ್ದು ರಾಜ್ಯದ ಮಾರಾಟ ತೆರಿಗೆಯಿಂದ. ಆದರೆ ಗಾಡಿಯ ಆಕಾರವನ್ನು ಕಾಯ್ದೆ ತಿದ್ದುವ ಕಥೆ ಇಲ್ಲೂ ಉಂಟು. 2006ರ ಬಜೆಟ್ ನಾಲ್ಕು ಮೀಟರಿಗಿಂತ ಚಿಕ್ಕದಾದ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಇಳಿಸಿತು. 2012ರಲ್ಲಿ ಮಾರುತಿ ಡಿಸೈರ್ ತನ್ನ ಡಿಕ್ಕಿ ಕತ್ತರಿಸಿಕೊಂಡು 3,995 ಮಿಲಿಮೀಟರಿಗೆ ಬಂತು. ಆಮೇಲೆ ಬಂದ ಬ್ರೆಜಾದ ಉದ್ದವೂ ಅಷ್ಟೇ. ಗೆರೆಗೂ ಗಾಡಿಗೂ ನಡುವೆ ಐದು ಮಿಲಿಮೀಟರ್, ಒಂದು ಅಕ್ಕಿ ಕಾಳಿನಷ್ಟು ಜಾಗ. ಉದ್ದಕ್ಕೆ ಕಡಿವಾಣವಿದ್ದರೂ ಎತ್ತರಕ್ಕೆ ಇರಲಿಲ್ಲ, ಗಾಡಿಗಳು ಮೇಲಕ್ಕೆ ಬೆಳೆದವು. ಇವತ್ತು ಭಾರತದಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ ಬಗೆಯವೇ.

ಇವನ್ನು ಕೊಂಡವರೇ ಕೊನೆಯವರೆಗೆ ಓಡಿಸುವುದಿಲ್ಲ. ಮೊದಲ ಒಡೆಯ ಐದಾರು ವರ್ಷಕ್ಕೆ ಮಾರುತ್ತಾನೆ. ಅಮೆರಿಕದ ರಸ್ತೆಯಲ್ಲಿರುವ ವಾಹನಗಳ ಸರಾಸರಿ ವಯಸ್ಸೇ ಹನ್ನೆರಡು ವರ್ಷ ದಾಟಿದೆ. ಅಗ್ಗದ ಪೆಟ್ರೋಲಿನ ಕಾಲದಲ್ಲಿ ಉಳ್ಳವರು ಆರಿಸಿದ ಗಾಡಿಗೆ ದುಬಾರಿ ಪೆಟ್ರೋಲ್ ಹಾಕಿಸುವವರು ಎರಡನೆಯವರು, ಮೂರನೆಯವರು.

ಹೋದ ವರ್ಷ ತುಮಕೂರಿನ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಅಂಗಳದಲ್ಲಿ ನಿಂತಿದ್ದೆ. ಏಳು ಸೀಟಿನ ಡೀಸೆಲ್ ಗಾಡಿಯ ಸುತ್ತ ಮೂವತ್ತರ ಆಸುಪಾಸಿನ ಒಬ್ಬರು ಎರಡು ಸುತ್ತು ಬಂದರು. ಮಕ್ಕಳನ್ನು ಶಾಲೆಗೆ ಬಿಡುವ ಟ್ರಿಪ್ ಹೊಡೆಯಲು ಬೇಕಂತೆ. ಟೈರ್ ಒತ್ತಿ ನೋಡಿದರು, ಬಾಗಿಲು ತೆಗೆದು ಹಾಕಿದರು. ಅಂಗಡಿಯವರು ಮೈಲೇಜ್ ಬಗ್ಗೆ ತಾವಾಗಿಯೇ ಹೇಳತೊಡಗಿದರು, ಹೈವೇಯಲ್ಲಿ ಇಷ್ಟು ಕೊಡುತ್ತೆ, ಊರೊಳಗೆ ಅಷ್ಟು ಕೊಡುತ್ತೆ ಎಂದು. ಆತ ಕೇಳಿಸಿಕೊಂಡರು. ಆಮೇಲೆ ಡೀಸೆಲ್ ಮುಚ್ಚಳದ ಮೇಲೆ ಕೈಯಿಟ್ಟು ಕೇಳಿದರು, “ಅದು ಸರಿ ಅಣ್ಣ, ಫುಲ್ ಟ್ಯಾಂಕ್ ಹಾಕ್ಸಿದ್ರೆ ಎಷ್ಟ್ ದಿನಕ್ಕೆ ಖಾಲಿ ಮಾಡ್ತದೆ ಇದು?”